ಮಗುವಿನ ಮೊಣಕೈಗೆ ತಂತಿ ಏಕೆ?
ಡೊಂಬಿವಲಿಯ ಸೊಸೈಟಿ ಅಂಗಳದಲ್ಲೋ ಕಲ್ಯಾಣದ ಚಾಳಿನ ಮೆಟ್ಟಿಲಲ್ಲೋ ಕೈಯೂರಿ ಬಿದ್ದ ಐದಾರು ವರ್ಷದ ಮಗುವಿಗೆ ಮೊಣಕೈಯ ತುಸು ಮೇಲೆ ಮೂಳೆ ಮುರಿಯುವುದುಂಟು. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಹೆಚ್ಚು. ತಂತಿ ಹಾಕಬೇಕೆಂದು ವೈದ್ಯರು ಹೇಳಿದರೆ ಹೆತ್ತವರು ಕೇಳುವುದು ಒಂದೇ: ಎಳೆ ಮೂಳೆ ತಾನಾಗಿ ಕೂಡಿಕೊಳ್ಳದೇ? ಕೂಡಿಕೊಳ್ಳುತ್ತದೆ, ಆದರೆ ಸೊಟ್ಟಗೆ ಕೂಡಿದ್ದು ನೆಟ್ಟಗಾಗುವುದು ಅಪರೂಪ. ತೋಳಿನ ಮೂಳೆ ಶೇ. 80ರಷ್ಟು ಬೆಳೆಯುವುದು ಭುಜದ ತುದಿಯಲ್ಲಿ. ಮೊಣಕೈ ತುದಿಗೆ ಓರೆ ತಿದ್ದಿಕೊಳ್ಳುವ ಕಸುವು ಕಡಿಮೆ.

ಹಾಗೆಂದು ಎಲ್ಲಕ್ಕೂ ತಂತಿ ಬೇಡ. ಗಾರ್ಟ್‌ಲ್ಯಾಂಡ್ ಎಂಬ ವೈದ್ಯರು 1959ರಲ್ಲಿ ಈ ಮುರಿತವನ್ನು ವಿಂಗಡಿಸಿ ಮಾಡಿದ ಮೂರು ವರ್ಗಗಳಲ್ಲಿ, ಮೂಳೆ ಜರುಗದ ಮೊದಲನೆಯದಕ್ಕೆ ಪ್ಲಾಸ್ಟರ್ ಸಾಕು. ಪೂರ್ತಿ ಜರುಗಿದ್ದನ್ನು ಪ್ಲಾಸ್ಟರಿನಲ್ಲೇ ಹಿಡಿದಿಡಲು ಊದಿದ ಕೈಯನ್ನು ಬಹಳ ಮಡಚಬೇಕು. ಆಗ ರಕ್ತ ಹರಿಯದೆ ಸ್ನಾಯು ಸತ್ತು ಬೆರಳು ಮುರುಟಬಹುದು. ಬಿಗಿಯಾದ ನಾಟಿ ಕಟ್ಟಿನ ಅಪಾಯವೂ ಇದೇ. ತಂತಿಯಿದ್ದರೆ ಅಷ್ಟು ಮಡಚಬೇಕಿಲ್ಲ. ಅರಿವಳಿಕೆ ಕೊಟ್ಟು, ಎಕ್ಸ್‌-ರೇ ಪರದೆ ನೋಡುತ್ತ, ಸಾಮಾನ್ಯವಾಗಿ ಕೊಯ್ಯದೆಯೇ ಎರಡು ಮೂರು ತಂತಿ ತೂರಿಸುತ್ತಾರೆ. ಮೂರು ನಾಲ್ಕು ವಾರಕ್ಕೆ ತೆಗೆಯುತ್ತಾರೆ. ನರಕ್ಕೆ ಪೆಟ್ಟಾದರೆ? ಒಳಮಗ್ಗುಲಿನ ತಂತಿಗೆ ಆ ಭಯ ಉಂಟು. ಹಾಗಾಗಿಯೇ ಅನೇಕರು ಹೊರಮಗ್ಗುಲಿನಿಂದ ಮಾತ್ರ ಹಾಕುತ್ತಾರೆ. ಬಿದ್ದ ಮಗುವಿನ ಬೆರಳು ರಕ್ತ ಹರಿಯದೆ ತಣ್ಣಗಾಗಿ ಬಿಳಿಚಿದ್ದರೆ ಮಾತ್ರ ಮುಂಬಯಿಯ ದೊಡ್ಡ ಡಾಕ್ಟರಿಗಾಗಿ ಕಾಯಬಾರದು. ಠಾಣೆಯಲ್ಲೋ ನವಿ ಮುಂಬಯಿಯಲ್ಲೋ, ಹತ್ತಿರದ ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಆಗಲೇ ಒಯ್ಯಬೇಕು.