ಎಸ್.ಎಸ್.ಎಲ್.ಸಿ. ಆದ ಮೇಲೆ ನಮ್ಮ ಹುಡುಗಿಯರು ಏನು ಓದಬೇಕು?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮೇಲಿನ ಮೊದಲನೆಯ ಶುಕ್ರವಾರ ಗೊರವನಹಳ್ಳಿಯ ಶ್ರೀ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವವರಲ್ಲಿ, ಮಗಳ ಅಂಕಪಟ್ಟಿಯ ಪ್ರತಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದ ತಾಯಂದಿರು ಕೆಲವರಾದರೂ ಇರುವರು. ಹಣ್ಣುಕಾಯಿ ಮಾಡಿಸಿಕೊಂಡು ಹಿಂದಿರುಗುವಾಗ ಅವರಲ್ಲಿ ಒಬ್ಬಿಬ್ಬರು ನಮ್ಮಲ್ಲಿಗೂ ಬಂದು, “ಟೀಚರಮ್ಮಾ, ಹುಡುಗೀನ ಮುಂದೆ ಯಾವುದಕ್ಕೆ ಸೇರಿಸೋಣ?” ಎಂದು ಕೇಳುವುದುಂಟು. ಹತ್ತು ವರುಷ ಕಷ್ಟಪಟ್ಟು ಓದಿಸಿದವರು ಈ ಪ್ರಶ್ನೆಯನ್ನು ಹತ್ತು ದಿನಗಳೊಳಗೆ, ಕೆಲವು ವೇಳೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿಯೇ, ತೀರ್ಮಾನಿಸಿಬಿಡುವರು. ಈ ಸಂಚಿಕೆಯನ್ನು ಓದುವ ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯೋಗವಾದೀತೆಂದು ನಾವು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿರುವೆವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದಷ್ಟೆ. ಇಲ್ಲಿಯ ಹಳ್ಳಿಗಳ ಹುಡುಗಿಯರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ರಾಗಿ, ಕಡಲೆಕಾಯಿ, ಅಡಿಕೆಗಳನ್ನು ನಂಬಿದ ಮನೆಗಳಿಂದ ಬಂದವರು. ಇವರಲ್ಲಿ ಒಳ್ಳೆಯ ಅಂಕಗಳನ್ನು ಪಡೆದವಳಿಗೆ ನೆಂಟರಿಷ್ಟರೆಲ್ಲರೂ ಹೇಳುವ ಬುದ್ಧಿವಾದ ಒಂದೇ: “ಸೈನ್ಸ್ ತೆಗೆದುಕೊಳ್ಳಲಿ, ಆಗ ಎಲ್ಲ ದಾರಿಗಳೂ ತೆರೆದಿರುತ್ತವೆ.” ಈ ಮಾತು ಸುಳ್ಳಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳನ್ನು ಪಿ.ಯು.ಸಿ.ಯಲ್ಲಿ ಓದಿದವಳು ವೈದ್ಯಕೀಯಕ್ಕೂ ಇಂಜಿನಿಯರಿಂಗಿಗೂ ಕೃಷಿ ಪದವಿಗೂ ಪ್ರಯತ್ನಿಸಬಹುದು. ಮನಸ್ಸು ಬದಲಾದರೆ ಕಲಾ ಪದವಿಗೂ ಕಾನೂನಿಗೂ ಹೋಗಬಹುದು. ಕಲಾ ವಿಭಾಗದಲ್ಲಿ ಓದಿದವಳು ಇಂಜಿನಿಯರಿಂಗಿಗೆ ತಿರುಗಲಾರಳು. ಕಾಗದದ ಮೇಲೆ ನೋಡಿದರೆ ಬುದ್ಧಿವಾದವು ಸರಿಯಾಗಿಯೇ ಇದೆ. ಆದರೆ ಅದು ತೇರ್ಗಡೆಯಾದವಳಿಗೆ ಮಾತ್ರ ಸರಿ. ತೇರ್ಗಡೆಯಾಗದವಳಿಗೆ ಏನಾಗುವುದೆಂಬುದನ್ನು ನಾವು ಒಮ್ಮೆ ಹತ್ತಿರದಿಂದ ನೋಡಬೇಕಾಯಿತು.

ಕೆಲವು ವರುಷಗಳ ಹಿಂದೆ ನಮ್ಮಲ್ಲಿ ಓದಿದ ಒಬ್ಬ ಹುಡುಗಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಕನ್ನಡದಲ್ಲಿಯೂ ಸಮಾಜ ವಿಜ್ಞಾನದಲ್ಲಿಯೂ ಆಕೆ ಬಹಳ ಚುರುಕು. ಗಣಿತವನ್ನು ಮಾತ್ರ ಬಾಯಿಪಾಠ ಮಾಡಿ ಗೆದ್ದಿದ್ದಳು. ಅದನ್ನು ಬಲ್ಲ ನಾವೂ ಅಂಕಗಳನ್ನು ಕಂಡು ಹಿಗ್ಗಿ, ವಿಜ್ಞಾನಕ್ಕೆ ಸೇರಿಸಿರೆಂದು ಆಕೆಯ ತಂದೆಗೆ ಹೇಳಿದೆವು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವೇಗ, ವೇಗೋತ್ಕರ್ಷ, ಸ್ಥಾನಪಲ್ಲಟಗಳೆಂದು ಆಕೆ ಚೆನ್ನಾಗಿ ಅರಿತಿದ್ದ ಸಂಗತಿಗಳೇ ಅಲ್ಲಿ ಅಪರಿಚಿತ ಹೆಸರುಗಳಿಂದ ಬಂದವು. ಮೊದಲ ಮೂರು ತಿಂಗಳು ಹೆಸರುಗಳನ್ನು ಕಲಿಯುವುದರಲ್ಲಿಯೇ ಕಳೆದುವು. ಅಷ್ಟರಲ್ಲಿ ಪಾಠವು ಮುಂದೆ ಹೋಗಿತ್ತು. ವರುಷದ ಕೊನೆಗೆ ಎರಡು ವಿಷಯಗಳಲ್ಲಿ ನಪಾಸಾಗಿ ಮನೆಗೆ ಬಂದಳು. ಮನೆಯಲ್ಲಿ ಕುಳಿತ ಎರಡನೆಯ ತಿಂಗಳಿಗೆ ವರನ ಕಡೆಯವರು ಬಂದರು. ಆಗ ಆಕೆಗೆ ಹದಿನೇಳು ವರುಷ.

ನಾವು ಅವರ ಮನೆಗೆ ಹೋಗಿ, ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ನೆಯ ಇಸವಿಯ ಶಾಸನವು ನಿಷೇಧಿಸಿರುವುದನ್ನೂ, ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವೆಂಬುದನ್ನೂ ತಿಳಿಸಿದೆವು. ಅವರು ಕಾನೂನಿಗಿಂತ ಹೆಚ್ಚಾಗಿ ಹುಡುಗಿಯ ಅಜ್ಜಿಯ ಮಾತಿಗೆ ಕಿವಿಗೊಟ್ಟರೆಂದು ಒಪ್ಪಿಕೊಳ್ಳಬೇಕು. ಆ ಮುದುಕಿ ಎಂದೂ ಶಾಲೆಯ ಮೆಟ್ಟಲು ಹತ್ತಿದವಳಲ್ಲ. “ಇನ್ನೊಂದು ಸಲ ಓದಲಿ ಬಿಡ್ರೋ” ಎಂದಳು. ಹುಡುಗಿ ಮರುವರುಷ ಕಲಾ ವಿಭಾಗಕ್ಕೆ ಸೇರಿ ಪಿ.ಯು.ಸಿ. ಮುಗಿಸಿ, ಮೂರು ವರುಷದ ಜಿ.ಎನ್.ಎಂ. ನರ್ಸಿಂಗ್ ತರಬೇತಿಯನ್ನು ಪಡೆದು ಈಗ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿರುವಳು. ಕಳೆದುಹೋದ ಆ ಒಂದು ವರುಷವನ್ನು ನಾವು ನಮ್ಮ ಲೆಕ್ಕಕ್ಕೇ ಬರೆದುಕೊಂಡಿರುವೆವು.

ವಿಜ್ಞಾನ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಗಣಿತವನ್ನು ಪರೀಕ್ಷೆ ಮುಗಿದ ಮೇಲೆಯೂ ಬಿಡಿಸುತ್ತ ಕೂರುವ ಹುಡುಗಿಯನ್ನು ಧೈರ್ಯವಾಗಿ ವಿಜ್ಞಾನಕ್ಕೆ ಕಳುಹಿಸತಕ್ಕದ್ದು. ಅಂಥವಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಸುಮ್ಮನಿರದೆ ಪ್ರಥಮ ಪಿ.ಯು.ಸಿ.ಯ ಇಂಗ್ಲಿಷ್ ಪುಸ್ತಕಗಳನ್ನು ತನ್ನ ಹತ್ತನೆಯ ತರಗತಿಯ ಕನ್ನಡ ಪುಸ್ತಕಗಳ ಪಕ್ಕದಲ್ಲಿಟ್ಟುಕೊಂಡು ಪಾರಿಭಾಷಿಕ ಪದಗಳನ್ನು ಜೊತೆಜೊತೆಯಾಗಿ ಬರೆದುಕೊಂಡರೆ, ಮೇಲೆ ಹೇಳಿದ ಮೂರು ತಿಂಗಳ ತೊಡಕು ಬಹುಮಟ್ಟಿಗೆ ತಪ್ಪುವುದು. ಅವಳಿಗೆ ಸರಕಾರವು ಕೊಟ್ಟಿರುವ ಎರಡು ಅನುಕೂಲಗಳೂ ಇವೆ. ಸಿ.ಇ.ಟಿ. ಮೂಲಕ ದೊರೆಯುವ ವೃತ್ತಿಶಿಕ್ಷಣದ ಸ್ಥಾನಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು. ಹತ್ತು ವರುಷಗಳೂ ತುಂಬಿರಬೇಕು. ಪಟ್ಟಣದ ಎಲ್ಲೆಯೊಳಗಿನ ಶಾಲೆಯು ಗ್ರಾಮಾಂತರವೆನಿಸದು. ಐದನೆಯ ತರಗತಿಗೇ ಮಗಳನ್ನು ತುಮಕೂರಿಗೆ ಕಳುಹಿಸಿದ ತಂದೆಗೆ ಈ ನಿಯಮವು ಸಾಮಾನ್ಯವಾಗಿ ಏಳು ವರುಷ ತಡವಾಗಿ ತಿಳಿಯುತ್ತದೆ.

ಈಗ ಇತರ ದಾರಿಗಳನ್ನು ನೋಡೋಣ. ವಿಜ್ಞಾನ ತೆಗೆದುಕೊಳ್ಳದವಳಿಗೆ ಎಲ್ಲವೂ ಮುಚ್ಚಿಹೋಯಿತೆಂಬ ಭಯವಿದೆಯಲ್ಲ, ಅದು ಹೆಚ್ಚಾಗಿ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದು. ಇಂಜಿನಿಯರಿಂಗನ್ನೇ ತೆಗೆದುಕೊಳ್ಳಿರಿ. ಪಿ.ಯು.ಸಿ. ಎರಡು ವರುಷ, ಪದವಿ ನಾಲ್ಕು ವರುಷ, ಒಟ್ಟು ಆರು. ಎಸ್.ಎಸ್.ಎಲ್.ಸಿ. ಆದೊಡನೆ ಪಾಲಿಟೆಕ್ನಿಕ್ಕಿಗೆ ಸೇರಿದವಳು ಮೂರು ವರುಷದಲ್ಲಿ ಡಿಪ್ಲೊಮ ಪಡೆದು, ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರುಷಕ್ಕೇ ಸೇರಬಹುದು. ಅಲ್ಲಿಯೂ ಒಟ್ಟು ಆರೇ ವರುಷ. ವ್ಯತ್ಯಾಸವಿಷ್ಟೆ: ನಡುವೆ ಮನೆಯಲ್ಲಿ ಕಷ್ಟ ಬಂದು ಓದು ನಿಂತರೆ, ಡಿಪ್ಲೊಮದವಳ ಕೈಯಲ್ಲಿ ಒಂದು ಕಸಬು ಇರುತ್ತದೆ. ಎರಡು ವರುಷದ ಐ.ಟಿ.ಐ. ಮುಗಿಸಿದವಳೂ ಡಿಪ್ಲೊಮದ ಎರಡನೆಯ ವರುಷಕ್ಕೆ ಪ್ರವೇಶ ಪಡೆಯಬಹುದು. ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು, ಎಂದರೆ ಜಿ.ಟಿ.ಟಿ.ಸಿ.ಯು, ನಡೆಸುವ ಡಿಪ್ಲೊಮದಲ್ಲಿ ಮೂರು ವರುಷ ಪಾಠವಾದ ಮೇಲೆ ಒಂದು ವರುಷ ಕಾರ್ಖಾನೆಯಲ್ಲಿಯೇ ತರಬೇತಿ.

“ಹೆಣ್ಣುಮಗಳಿಗೆ ತಂತಿ, ಸ್ಪ್ಯಾನರುಗಳ ಕೆಲಸವೆ?” ಎಂದು ಕೇಳುವವರಿರುವರು. ನಮ್ಮ ಪಾವಗಡ ತಾಲ್ಲೂಕಿನಲ್ಲಿಯೇ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಮಳೆ ಕೈಕೊಟ್ಟ ಹೊಲಗಳನ್ನು ರೈತರು ಅದಕ್ಕೆ ಗುತ್ತಿಗೆಗೆ ಕೊಟ್ಟಿರುವರು. ಹೊಲವನ್ನು ಕೊಟ್ಟ ಮನೆಯ ಹುಡುಗಿ ಅಲ್ಲಿ ಹಲಗೆ ಒರೆಸುವ ಕೂಲಿಗೆ ಹೋಗುವುದಕ್ಕೂ, ಎಲೆಕ್ಟ್ರಿಷಿಯನ್ ತರಬೇತಿ ಪಡೆದು ಆ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸವನ್ನು ಕೇಳುವುದಕ್ಕೂ ನಡುವಿನ ಅಂತರವು ಎರಡು ವರುಷದ ಐ.ಟಿ.ಐ. ಅಷ್ಟೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿಯಲ್ಲಿ ಆರಂಭವಾಗಿರುವುದನ್ನೂ ಪೋಷಕರು ನೆನಪಿನಲ್ಲಿಡಬೇಕು.

ಹಾಗೆಂದು ಒಂದು ಕಾರ್ಖಾನೆಯನ್ನೇ ಗುರಿಯಿಟ್ಟು ಓದಿಸುವುದೂ ಜಾಣತನವಲ್ಲ. ತುಮಕೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು 1978ರಲ್ಲಿ ಸ್ಥಾಪಿತವಾದಾಗ ಅದರಲ್ಲಿ ಕೆಲಸ ಸಿಕ್ಕಿದರೆ ಜೀವಮಾನಕ್ಕೆ ಚಿಂತೆಯಿಲ್ಲವೆಂದು ನಮ್ಮ ಜನರು ತಿಳಿದಿದ್ದರು. 2016ರಲ್ಲಿ ಕೇಂದ್ರ ಸರಕಾರವು ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು.

ಇನ್ನು ಹೆಣ್ಣುಮಕ್ಕಳಿಗೆ ತಕ್ಕವೆಂದು ಹಿರಿಯರು ಎಣಿಸಿರುವ ಎರಡು ವೃತ್ತಿಗಳು, ದಾದಿಯ ಕೆಲಸ ಮತ್ತು ಉಪಾಧ್ಯಾಯಿನಿಯ ಕೆಲಸ. ದಾದಿಯ ಕೆಲಸಕ್ಕೆ ಮಗಳನ್ನು ಕಳುಹಿಸಲು ಮರ್ಯಾದಸ್ಥರು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1906ರಲ್ಲಿಯೂ, ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡ್ಡರ್ ಅವರ ದಾದಿಯರ ಶಾಲೆಯು 1909ರಲ್ಲಿಯೂ ಆರಂಭವಾದುದು ಅಂಥ ಕಾಲದಲ್ಲಿ. ಈಗ ಆ ಹಿಂಜರಿಕೆ ಹೋಗಿ, ವಿಜ್ಞಾನ ಓದಿದವರಿಗೆ ಮಾತ್ರ ಆ ಕೆಲಸವೆಂಬ ಬೇರೊಂದು ತಪ್ಪು ತಿಳಿವಳಿಕೆ ಬಂದಿದೆ. ಬಿ.ಎಸ್‌ಸಿ. ನರ್ಸಿಂಗಿಗೆ ಜೀವಶಾಸ್ತ್ರ ಸಹಿತವಾದ ವಿಜ್ಞಾನ ಬೇಕು, ನಿಜ. ಜಿ.ಎನ್.ಎಂ.ಗೆ ಯಾವುದೇ ವಿಭಾಗದ ಪಿ.ಯು.ಸಿ. ಸಾಕು, ಇಂಗ್ಲಿಷ್ ಓದಿ ನಿಗದಿತ ಅಂಕ ಪಡೆದಿರಬೇಕು.

ಉಪಾಧ್ಯಾಯಿನಿಯಾಗಬೇಕೆಂಬವರು ಒಂದು ವಿಷಯವನ್ನು ಗಮನಿಸಲೇಬೇಕು. ಬಿ.ಎಡ್. ಇದ್ದರೆ ಎಲ್ಲ ತರಗತಿಗಳಿಗೂ ಸಲ್ಲುವುದೆಂಬ ನಂಬಿಕೆ ಇತ್ತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, ಒಂದರಿಂದ ಐದನೆಯ ತರಗತಿಯವರೆಗಿನ ಶಿಕ್ಷಕ ಹುದ್ದೆಗೆ ಬಿ.ಎಡ್. ಅರ್ಹತೆಯಲ್ಲವೆಂದು ತೀರ್ಪಿತ್ತಿತು. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯುಳ್ಳವಳು ಪಿ.ಯು.ಸಿ. ಆದ ಮೇಲೆ ಎರಡು ವರುಷದ ಡಿ.ಇಎಲ್.ಎಡ್. ತರಬೇತಿಯನ್ನೇ ಪಡೆಯಬೇಕು, ಹೈಸ್ಕೂಲಿನಲ್ಲಿ ಕಲಿಸುವವಳು ಪದವಿ ಪಡೆದು ಬಿ.ಎಡ್. ಮಾಡಬೇಕು. ಕಲಾ ವಿಭಾಗದವಳಿಗೆ ಪಿ.ಯು.ಸಿ. ಆದೊಡನೆ ಐದು ವರುಷದ ಕಾನೂನು ಪದವಿಯೂ ಇದೆ, ಯಾವ ಪದವಿಯಾದರೂ ಸಾಕಾಗುವ ಸರಕಾರಿ ಸೇವೆಯ ಪರೀಕ್ಷೆಗಳೂ ಇವೆ. ವಾಣಿಜ್ಯದ ವಿಚಾರವನ್ನು ಇಷ್ಟರಲ್ಲೇ ಮುಗಿಸುವೆವು: ಲೆಕ್ಕದಲ್ಲಿ ಅಚ್ಚುಕಟ್ಟಾದ, ಆದರೆ ಭೌತಶಾಸ್ತ್ರವೆಂದರೆ ಬೇಸರಪಡುವ ಹುಡುಗಿಗೆ ಅದರಷ್ಟು ಹಿತವಾದುದು ಬೇರೊಂದಿಲ್ಲ.

ಖರ್ಚಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದುದರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವು ಉಚಿತವಾಯಿತು. ಕೊರಟಗೆರೆ, ಮಧುಗಿರಿಗಳಿಗೇಕೆ, ತುಮಕೂರಿಗೂ ದಿನವೂ ಹೋಗಿಬರುವ ಹುಡುಗಿಯರನ್ನು ಈಗ ಕಾಣಬಹುದು. ಆದರೆ ಟಿಕೀಟಿಗೆ ಹಣ ಬೇಡವೆಂದ ಮಾತ್ರಕ್ಕೆ ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದೆಂದು ಅರ್ಥವಲ್ಲ. ಕಾಲೇಜನ್ನು ಆರಿಸುವ ಮುನ್ನ ತಂದೆಯೋ ತಾಯಿಯೋ ಒಂದು ದಿನ ಆ ಸಂಜೆಯ ಬಸ್ಸಿನಲ್ಲಿ ಮಗಳೊಡನೆ ಬಂದು ನೋಡಲಿ. ಕತ್ತಲಾದ ಮೇಲೆ ಊರು ಮುಟ್ಟುವಂತಿದ್ದರೆ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದು ಮೇಲು. ಎಷ್ಟೋ ಹುಡುಗಿಯರ ಓದು ಅಂಕಗಳ ಕೊರತೆಯಿಂದಲ್ಲ, ಆ ಸಂಜೆಯ ಒಂದು ಗಂಟೆಯ ಭಯದಿಂದ ನಿಂತುಹೋಗಿದೆ.

ವಿದ್ಯಾರ್ಥಿವೇತನಕ್ಕಾಗಲಿ ನಿಲಯಕ್ಕಾಗಲಿ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಬೇಕಾಗುವುವು. ಫಲಿತಾಂಶ ಬಂದ ಮೇಲೆ ನಾಡಕಚೇರಿಯ ಮುಂದೆ ಸಾಲು ಬೆಳೆಯುವುದರಿಂದ ಪರೀಕ್ಷೆ ಮುಗಿದ ವಾರದಲ್ಲಿಯೇ ಅರ್ಜಿ ಕೊಡತಕ್ಕದ್ದು. ಗ್ರಾಮಾಂತರ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ರುಜುವಿನೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ಅದನ್ನು ಎರಡು ವರುಷ ಕಳೆದ ಮೇಲೆ ಓಡಾಡಿ ಪಡೆಯುವುದಕ್ಕಿಂತ ವರ್ಗಾವಣೆ ಪತ್ರ ತೆಗೆದುಕೊಳ್ಳುವಾಗಲೇ ಕೇಳುವುದು ಸುಲಭ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆ. ನೀವು ಆಸ್ಪತ್ರೆಯಲ್ಲಿರಲಿ, ಬ್ಯಾಂಕಿನಲ್ಲಿರಲಿ, ಕಾರ್ಖಾನೆಯಲ್ಲಿರಲಿ, ಮಾರ್ಚ್ ತಿಂಗಳಿಗೆ ಮುನ್ನ ಒಂದು ಶನಿವಾರ ಬಂದು ಹತ್ತನೆಯ ತರಗತಿಯ ಹುಡುಗಿಯರ ಮುಂದೆ ಅರ್ಧ ಗಂಟೆ ಕುಳಿತು, ನಿಮ್ಮ ಸಂಬಳವೆಷ್ಟು, ಪಾಳಿ ಎಷ್ಟು ಹೊತ್ತಿಗೆ, ಓದುವಾಗ ಯಾವುದು ಕಷ್ಟವಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ಅವರ ತಾಯಂದಿರನ್ನೂ ಅಂದು ಕರೆದಿರುವೆವು.