ದ್ವೀಪದೇಶದಲ್ಲಿ ಇಂಗ್ಲಿಷ್ ಪಾಠ: ಹೊರಡುವ ಮುನ್ನ

ಲೋಕಿಕೆರೆಯಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಖಾಯಂ ಹುದ್ದೆಗೆ ಕಾಯುತ್ತಿರುವ ಇಂಗ್ಲಿಷ್ ಶಿಕ್ಷಕರು ನೀವು ಎಂದುಕೊಳ್ಳಿ. ಪತ್ರಿಕೆಯಲ್ಲಿ ಒಂದು ಜಾಹೀರಾತು: 'ಮಾಲ್ಡೀವ್ಸ್ ದೇಶಕ್ಕೆ ಶಿಕ್ಷಕರು ಬೇಕಾಗಿದ್ದಾರೆ.' ಹೋಗಬಹುದೆ? ಖಂಡಿತ ಹೋಗಬಹುದು. ಆದರೆ ಇಲ್ಲಿ ಕಲಿಸಿದಂತೆ ಅಲ್ಲಿ ಕಲಿಸಲಾಗದು.

ಕೇರಳದ ನೈರುತ್ಯಕ್ಕೆ, ಹಿಂದೂ ಮಹಾಸಾಗರದಲ್ಲಿ ಚೆಲ್ಲಿಕೊಂಡಿರುವ ಸುಮಾರು 1,200 ಹವಳದ ದ್ವೀಪಗಳ ದೇಶವಿದು. ಜನವಸತಿ ಇರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಹೊರಗಿನಿಂದ ಬಂದವರನ್ನು ಸೇರಿಸಿದರೂ 2022ರ ಗಣತಿಯಂತೆ ಇಡೀ ದೇಶದ ಜನಸಂಖ್ಯೆ ಸುಮಾರು 5 ಲಕ್ಷ. ದಾವಣಗೆರೆ ನಗರವೊಂದೇ 2011ರಲ್ಲಿ 4 ಲಕ್ಷ ದಾಟಿತ್ತು. ದಿವೇಹಿ ಭಾಷೆ ಮತ್ತು ಇಸ್ಲಾಂ ಪಾಠ ಬಿಟ್ಟರೆ ಶಾಲೆಯ ಬಹುತೇಕ ವಿಷಯಗಳು ಇಂಗ್ಲಿಷಿನಲ್ಲೇ. 1960ರ ದಶಕದಲ್ಲಿ ಆರಂಭವಾದ ಪದ್ಧತಿ ಇದು. ಸ್ಥಳೀಯ ಶಿಕ್ಷಕರು ಸಾಲದ್ದರಿಂದ ಭಾರತದವರು ದಶಕಗಳಿಂದ ಅಲ್ಲಿಗೆ ಹೋಗುತ್ತಿದ್ದಾರೆ.

ನಮ್ಮ ತರಗತಿಯಲ್ಲಿ ಇಂಗ್ಲಿಷ್ ಪಾಠವೆಂದರೆ ಅರ್ಧ ಕನ್ನಡ ಪಾಠವೇ. ಒಂದು ವಾಕ್ಯ ಓದಿ, 'ಹಾಗೆಂದರೆ' ಎಂದು ಕನ್ನಡಕ್ಕಿಳಿಯುತ್ತೇವೆ. ಆ ದ್ವೀಪದಲ್ಲಿ ಈ ಊರುಗೋಲು ಇಲ್ಲ. ಮಕ್ಕಳಿಗೆ ಕನ್ನಡ ಬಾರದು, ನಿಮಗೆ ದಿವೇಹಿ ಬಾರದು. ವಸ್ತು ತೋರಿಸಿ, ಚಿತ್ರ ಬರೆದು, ಅಭಿನಯಿಸಿ ಕಲಿಸಬೇಕು. ಹೊರಡುವ ಮುಂಚೆ ಒಂದು ತಿಂಗಳು ಕನ್ನಡ ಬಳಸದೆ ಇಂಗ್ಲಿಷ್ ಪಾಠ ಮಾಡಿ ನೋಡಿ. ನಾಲ್ಕನೆಯ ದಿನಕ್ಕೇ ಬೆವರು ಬರುತ್ತದೆ!

ಇನ್ನು ಉಚ್ಚಾರಣೆ. ಹಳಗನ್ನಡದ 'ಪಾಲು' ನಮ್ಮಲ್ಲಿ 'ಹಾಲು' ಆಯಿತಷ್ಟೆ. ದಿವೇಹಿ ಸಿಂಹಳಕ್ಕೆ ಹತ್ತಿರದ ಭಾಷೆ. ಅದರಲ್ಲಿ ಹಳೆಯ ಪಕಾರ ಇಂಗ್ಲಿಷಿನ 'ಫ್ಯಾನ್' ಪದದ ಫಕಾರವಾಗಿದೆ. ಸಂಸ್ಕೃತದ 'ಪಂಚ' ಅಲ್ಲಿ 'ಫಸ್', ಪಾನೀಯದಿಂದ ಬಂದ ನೀರು 'ಫೆನ್'. ಆ ಮಕ್ಕಳಿಗೆ ಈ ಧ್ವನಿ ತಾಯಿನುಡಿಯಲ್ಲೇ ಸಿಕ್ಕಿದೆ. 'ಫ್ಯಾನ್' ಅನ್ನು 'ಪ್ಯಾನ್' ಎನ್ನುವ ಅಭ್ಯಾಸ ನಮ್ಮದು. ತಿದ್ದಿಕೊಳ್ಳಬೇಕಾದವರು ಮಕ್ಕಳಲ್ಲ, ನಾವು.

ವಾಕ್ಯರಚನೆಯಲ್ಲಿ ಮಾತ್ರ ನಿಮಗೇ ಅನುಕೂಲ. ಕನ್ನಡದಂತೆ ದಿವೇಹಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಕ್ರಿಯಾಪದವನ್ನು ಮಧ್ಯಕ್ಕೆ ತರಲು ಮಗು ಎಲ್ಲಿ ಎಡವುತ್ತದೆ ಎಂಬುದು ಇಂಗ್ಲೆಂಡಿನವರಿಗಿಂತ ನಿಮಗೆ ಬೇಗ ತಿಳಿಯುತ್ತದೆ. ನೀವೂ ಅಲ್ಲೇ ಎಡವಿದವರು. ಅಂದಹಾಗೆ, ಉಂಗುರದಾಕಾರದ ಹವಳದ್ವೀಪಕ್ಕೆ ಹೇಳುವ 'ಅಟಾಲ್' ಎಂಬ ಪದವನ್ನು ಇಂಗ್ಲಿಷ್ ಪಡೆದದ್ದೇ ದಿವೇಹಿಯಿಂದ. ಮೊದಲ ಪಾಠವನ್ನು ಆ ಪದದಿಂದ ಆರಂಭಿಸಿದರೆ ಮಕ್ಕಳು ಕಿವಿಗೊಡುತ್ತಾರೆ.

ಈಗ ಕಾಗದಪತ್ರದ ಮಾತು. ಏಜೆಂಟರು ನೋಂದಾಯಿತರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳದೆ ಹಣ ಕೊಡಬೇಡಿ. ಕರಾರಿನಲ್ಲಿ ದೇಶದ ಹೆಸರಷ್ಟೇ ಸಾಲದು, ದ್ವೀಪದ ಹೆಸರೂ ಇರಲಿ. ರಾಜಧಾನಿ ಮಾಲೆಯಿಂದ ಕೆಲವು ದ್ವೀಪಗಳಿಗೆ ದೋಣಿಯಲ್ಲಿ ಹೋದರೆ ಸಾಕು, ಕೆಲವಕ್ಕೆ ಮತ್ತೆ ವಿಮಾನ ಹತ್ತಬೇಕು. ಸಂಬಳ ಯಾವ ನಾಣ್ಯದಲ್ಲಿ, ವಸತಿ ಯಾರದು, ರಜೆಗೆ ಊರಿಗೆ ಬರುವ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲೇ ಕೇಳಿ. ಅಲ್ಲಿನ ರೂಫಿಯಾವನ್ನು ಊರಿಗೆ ಕಳಿಸುವ ದಾರಿಯನ್ನೂ ವಿಚಾರಿಸಿ. ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖೆ ಮಾಲೆಯಲ್ಲಿ 1974ರಿಂದ ಇದೆ.

ಪೂಜೆಯ ವಿಗ್ರಹಗಳನ್ನು ಆ ದೇಶದೊಳಕ್ಕೆ ಒಯ್ಯುವಂತಿಲ್ಲ. ಅಮ್ಮ ಪ್ರೀತಿಯಿಂದ ಪೆಟ್ಟಿಗೆಗೆ ಹಾಕಿಟ್ಟಿದ್ದರೂ ತೆಗೆದು ಮನೆಯಲ್ಲೇ ಇಡಿ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಊರಿನಿಂದ ಫೋನು ಮಾಡುವವರಿಗೆ, ನೀವು ಆಗ ತರಗತಿಯಲ್ಲಿರುತ್ತೀರಿ ಎಂದು ಮೊದಲೇ ಹೇಳಿಬಿಡಿ.