ಪರೀಕ್ಷೆ ಯಾವುದನ್ನು ಅಳೆಯಬೇಕು?

ಬಿ.ಎ. ತರಗತಿಯ ಅರ್ಥಶಾಸ್ತ್ರದ ಮೂರು ಗಂಟೆಯ ಪತ್ರಿಕೆ ಅರ್ಥಶಾಸ್ತ್ರವನ್ನಷ್ಟೇ ಕೇಳುವುದಿಲ್ಲ. ಸಣ್ಣ ಅಕ್ಷರ ಕಣ್ಣಿಗೆ ಕಾಣುತ್ತದೆಯೇ, ಮೂರು ಗಂಟೆ ಬಿಡದೆ ಬರೆದರೂ ಕೈ ಸೋಲುವುದಿಲ್ಲವೇ, ಇಂಗ್ಲಿಷ್ ವಾಕ್ಯ ಒಂದೇ ಓದಿಗೆ ಹತ್ತುತ್ತದೆಯೇ ಎಂಬುದನ್ನೂ ಅದು ಪರೀಕ್ಷಿಸುತ್ತದೆ. ವಿಷಯ ಗೊತ್ತಿದ್ದೂ ಇಂಥ ಕಾರಣಗಳಿಗೆ ಅಂಕ ಕಳೆದುಕೊಳ್ಳುವವರಿಗೆ ನ್ಯಾಯ ಸಿಗಬೇಕಾದರೆ, ಪರೀಕ್ಷೆಯನ್ನು ಸಡಿಲ ಮಾಡಬೇಕಿಲ್ಲ. ಅಡ್ಡ ಬರುವ ಈ ಹೆಚ್ಚುವರಿ ಸಂಗತಿಗಳನ್ನು ಗುರುತಿಸಿ ತೆಗೆಯಬೇಕು.

ಕಾನೂನು ಇದಕ್ಕೆ ಗಟ್ಟಿ ಆಧಾರ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ನಿಗದಿ ಮಾಡಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಸೇರುತ್ತದೆ. 45 ನಿಮಿಷದ ಕಿರುಪರೀಕ್ಷೆಗೂ 15 ನಿಮಿಷ ಸೇರಬೇಕು. ಕಾಲೇಜುಗಳು ಸೆಮಿಸ್ಟರ್ ಪರೀಕ್ಷೆಯಲ್ಲಿ ಇದನ್ನು ಪಾಲಿಸಿ, ತರಗತಿಯೊಳಗಿನ ಟೆಸ್ಟಿನಲ್ಲಿ ಮರೆಯುವುದೇ ಹೆಚ್ಚು.

ಶೇ 40ರಷ್ಟು ವೈಕಲ್ಯ ಇದ್ದರೆ ಮಾತ್ರ ಲಿಪಿಕಾರ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಬರೆಯುವಾಗ ಕೈ ಸೆಳೆತಕ್ಕೆ ಸಿಲುಕುವ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರ ಪ್ರಕರಣ ಅದು. ಅದೇ ವರ್ಷ ನವೆಂಬರಿನಲ್ಲಿ, ಬರವಣಿಗೆಯ ತೊಡಕಿದ್ದ ನೀಟ್ ವಿದ್ಯಾರ್ಥಿನಿಗೆ ಹೆಚ್ಚುವರಿ ಗಂಟೆ ಕೊಡದೆ ಪತ್ರಿಕೆ ಕಿತ್ತುಕೊಂಡ ಪ್ರಕರಣವೂ ಅದೇ ನ್ಯಾಯಾಲಯದ ಮುಂದೆ ಬಂತು. ಅವಳ ಹಕ್ಕು ನಿಯಮದಲ್ಲಿತ್ತು, ಕೇಂದ್ರದ ಸಿಬ್ಬಂದಿಗೆ ಅದು ತಿಳಿದಿರಲಿಲ್ಲ. ನನಗೆ ಈ ಎರಡನೆಯ ಪ್ರಕರಣವೇ ಹೆಚ್ಚು ಕಾಡುತ್ತದೆ. ಕೊಠಡಿ ಮೇಲ್ವಿಚಾರಕರ ಕೈಯಲ್ಲಿ ವಿದ್ಯಾರ್ಥಿಯ ಹೆಸರು, ಸೌಲಭ್ಯ, ಮುಗಿಯುವ ಸಮಯ ಬರೆದ ಒಂದು ಚೀಟಿ ಇದ್ದರೆ ಇಂಥ ಅನ್ಯಾಯ ಅರ್ಧಕ್ಕರ್ಧ ನಿಲ್ಲುತ್ತದೆ.

ಲಿಪಿಕಾರರ ವಿಷಯ ಇನ್ನೂ ಸೂಕ್ಷ್ಮ. ಪರೀಕ್ಷೆಗೆ ಎರಡು ದಿನ ಮೊದಲೇ ಲಿಪಿಕಾರರನ್ನು ಭೇಟಿಯಾಗಲು ವಿದ್ಯಾರ್ಥಿಗೆ ಅವಕಾಶ ಇರಬೇಕು ಎಂದು 2018ರ ಮಾರ್ಗಸೂಚಿ ಹೇಳಿದ್ದು ಸುಮ್ಮನೆ ಅಲ್ಲ. ‘ಎಕ್ಸ್ ವರ್ಗದ ಕೆಳಗೆ ವೈ’ ಎಂದು ವಿದ್ಯಾರ್ಥಿ ಹೇಳಿದಾಗ, ಗಣಿತ ಓದದ ಲಿಪಿಕಾರ ಅದನ್ನು ಭಿನ್ನರಾಶಿಯಾಗಿ ಬರೆಯದೆ ಅಕ್ಷರದಲ್ಲೇ ಬರೆದಾನು. ಪೂರ್ಣವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ, ಹೊಡೆದುಹಾಕಲು ಏನು ಹೇಳಬೇಕು ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಭಾಷಾ ಪತ್ರಿಕೆಗೆ ಬೇರೆ ಲಿಪಿಕಾರ ಬೇಕಾದರೆ ಅದಕ್ಕೂ ಅವಕಾಶವಿದೆ.

ಲಿಪಿಕಾರರೇ ಬೇಡ, ಕಂಪ್ಯೂಟರಿನಲ್ಲಿ ನಾನೇ ಬರೆಯುತ್ತೇನೆ ಎನ್ನುವ ದೃಷ್ಟಿಹೀನ ವಿದ್ಯಾರ್ಥಿಗಳಿದ್ದಾರೆ. ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಪ್ರಶ್ನೆಪತ್ರಿಕೆ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಎಲ್ಲ ಕೆಡುತ್ತದೆ. ನೋಡುವವರಿಗೆ ‘ಕನ್ನಡ’ ಎಂದು ಕಾಣುವ ಪದ ಕಡತದ ಒಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೊತ್ತುಗುರಿಯಿಲ್ಲದ ಸಾಲಾಗಿರುತ್ತದೆ. ತಂತ್ರಾಂಶ ಅದನ್ನೇ ಒದರುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿಸುವುದಕ್ಕೆ ಖರ್ಚೇನೂ ಇಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಈ ವಿದ್ಯಾರ್ಥಿಗೆ ಖಾಲಿ ಹಾಳೆಯಷ್ಟೇ.

ಇವೆಲ್ಲ ವೈಕಲ್ಯದ ಪ್ರಮಾಣಪತ್ರ ತಂದವರಿಗೆ ಸಿಗುವ ಸೌಲಭ್ಯ. ಪ್ರಮಾಣಪತ್ರವೇ ಇಲ್ಲದವರಿಗೆ? ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆಯನ್ನು ನೋಡಿ. ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಕ್ಷಾರ ಬಿಡುತ್ತಾ, ಫಿನಾಫ್ತಲೀನ್ ಹಾಕಿದ ಆಮ್ಲ ತೆಳು ಗುಲಾಬಿಗೆ ತಿರುಗುವ ಕ್ಷಣವನ್ನು ಹಿಡಿಯಬೇಕು. ವರ್ಣಾಂಧತೆ ಇರುವ ಹುಡುಗನಿಗೆ ಆ ಕ್ಷಣ ತಪ್ಪಿಹೋಗಬಹುದು. ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ವರ್ಣಾಂಧತೆ ಇಲ್ಲ. ಅಳತೆ, ಲೆಕ್ಕ, ಕೈಯ ಹದ ಎಲ್ಲ ಸರಿಯಿದ್ದೂ ಅಂಕ ಹೋಗುತ್ತದೆ. ಪಿಎಚ್ ಮೀಟರ್ ಬಳಸಬಹುದು ಎಂಬ ಒಂದು ಸಾಲು ಸೂಚನೆಯಲ್ಲಿದ್ದರೆ ಅವನು ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಇದೇ ದಾರಿ ಆಂತರಿಕ ಮೌಲ್ಯಮಾಪನಕ್ಕೂ ಒಪ್ಪುತ್ತದೆ, ಅಲ್ಲಿ ಅಧ್ಯಾಪಕರ ಕೈ ಕಟ್ಟಿಲ್ಲ. ಸಂಶೋಧನಾ ವಿಧಾನವನ್ನು ವಿವರಿಸಲು ನಾಲ್ಕು ಪುಟದ ಪ್ರಬಂಧ ಬರೆಯಬಹುದು ಅಥವಾ ಹತ್ತು ನಿಮಿಷ ಮಾತಾಡಬಹುದು ಎಂದು ಇಡೀ ತರಗತಿಗೇ ಹೇಳಲಿ. ಅಂಕ ಹಂಚಿಕೆ ಎರಡಕ್ಕೂ ಒಂದೇ ಇರಲಿ, ಮೊದಲೇ ಕೈಗೆ ಸಿಗಲಿ. ತೊದಲುವ ವಿದ್ಯಾರ್ಥಿನಿ ಬರೆಯುತ್ತಾಳೆ, ಅಕ್ಷರ ಜೋಡಿಸಲು ತಿಣುಕುವವನು ಮಾತಾಡುತ್ತಾನೆ. ಕಿವುಡ ವಿದ್ಯಾರ್ಥಿಗೆ ವೈವಾ ಪ್ರಶ್ನೆಗಳನ್ನು ಬರೆದು ತೋರಿಸಿದರಾಯಿತು. ಒಂದು ಗೆರೆ ಮಾತ್ರ ದಾಟಬಾರದು: ಅನುವಾದದ ಪತ್ರಿಕೆಯಲ್ಲಿ ಅನುವಾದವನ್ನೇ ಬಿಟ್ಟುಕೊಡಲಾಗದು. ಕೋರ್ಸು ಕಲಿಸಲು ಹೊರಟ ಕೌಶಲ ಉಳಿಯಬೇಕು, ಅದನ್ನು ತೋರಿಸುವ ರೀತಿ ಬದಲಾಗಬಹುದು.

ಭಾಷೆಯ ಪ್ರಶ್ನೆ ಕರ್ನಾಟಕದಲ್ಲಿ ಇನ್ನೂ ದೊಡ್ಡದು. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತು. ಅನುಮತಿಯೊಂದೇ ಸಾಲದು. ಪ್ರಶ್ನೆ ಎರಡೂ ಭಾಷೆಯಲ್ಲಿರಬೇಕು, ಪಾರಿಭಾಷಿಕ ಪದ ಇಂಗ್ಲಿಷಿನಲ್ಲೇ ಬರೆದರೂ ಅಂಕ ಕಡಿಯುವುದಿಲ್ಲ ಎಂದು ಮೌಲ್ಯಮಾಪಕರಿಗೆ ಲಿಖಿತ ಸೂಚನೆ ಹೋಗಬೇಕು, ಕನ್ನಡದ ಉತ್ತರಪತ್ರಿಕೆ ಕನ್ನಡ ಸರಾಗವಾಗಿ ಓದುವವರ ಕೈಗೇ ತಲುಪಬೇಕು. ಪರೀಕ್ಷಾ ಮಂಡಳಿಯ ಸಭೆಯಲ್ಲಿ ಪತ್ರಿಕೆ ಅಂತಿಮವಾಗುವ ದಿನವೇ ಇವನ್ನು ನಿರ್ಧರಿಸಬೇಕು. ಹಾಲ್ ಟಿಕೆಟ್ ಹಂಚಿದ ಮೇಲೆ ನೆನಪಾದರೆ ಆ ಸೆಮಿಸ್ಟರಿಗೆ ಆಗಲೇ ತಡವಾಗಿರುತ್ತದೆ.